ಕೊಸರಿಗೆ ಬಂದ ಫ್ಯಾನು

ಹಡಗಲಿಯ ಬಸ್ ನಿಲ್ದಾಣದ ಹೊರಗೆ ನಮ್ಮವ್ವ ಮಲ್ಲಿಗೆ ಮಾರುತ್ತಿದ್ದಳು. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಮಾಲೆ ಹಿಡಿದು ಮೊಳ ಹಾಕಿ, ಕತ್ತರಿಸುವ ಮುಂಚೆ ಒಂದು ಗೇಣು ಹೂವನ್ನು ಮುಂದಕ್ಕೆ ಬಿಡುತ್ತಿದ್ದಳು. ಆ ಗೇಣಿಗೆ ದುಡ್ಡಿಲ್ಲ. ಅದು ಕೊಸರು. ಕೊಳ್ಳುವವರು ಕೇಳಲಿ ಬಿಡಲಿ, ಅಳತೆಯ ಮೇಲೆ ಕೊಸರು ಬೀಳಲೇಬೇಕು. ಕೊಸರಿಲ್ಲದ ವ್ಯಾಪಾರ ಅವಳ ಪಾಲಿಗೆ ಒಗ್ಗರಣೆಯಿಲ್ಲದ ಸಾರು. ನಾನು ಅವಳ ಬುಟ್ಟಿಯ ಪಕ್ಕದಲ್ಲೇ ಕೂತು ಬೆಳೆದವಳು. ಹಾಗಾಗಿ ಇವತ್ತಿಗೂ ಏನೇ ಕೊಂಡರೂ, ಚೌಕಾಸಿಯೆಲ್ಲ ಮುಗಿದು ಅಂಗಡಿಯವನು ಉಸಿರು ಬಿಡುವ ಹೊತ್ತಿಗೆ, ನನ್ನ ಬಾಯಿಂದ ತಾನಾಗಿಯೇ ಒಂದು ಮಾತು ಬರುತ್ತದೆ: "ಕೊಸರು?"

ಸೊಪ್ಪಿಗೆ ಕೇಳಿದ್ದೇನೆ, ಸೀರೆಗೆ ಕೇಳಿದ್ದೇನೆ, ಒಮ್ಮೆ ಹಲ್ಲಿನ ಡಾಕ್ಟರನ್ನೂ ಕೇಳಿ ಬ್ರಷ್ ಇಸಿದುಕೊಂಡು ಬಂದಿದ್ದೇನೆ. ಇದರಿಂದ ನನಗೆ ನಷ್ಟವಾದದ್ದಿಲ್ಲ, ಒಂದೇ ಒಂದು ಸಲ ಬಿಟ್ಟು. ಆ ಒಂದು ಸಲದ ಕತೆ ಇದು. ಕಂಪ್ಯೂಟರಿಗೆ ಎಸ್‌ಎಸ್‌ಡಿ, ಅಂದರೆ ತಿರುಗದ, ಸದ್ದು ಮಾಡದ ಹೊಸ ಜಾತಿಯ ಡಿಸ್ಕು, ಹಾಕಿಸಬೇಕೆಂದಿರುವವರು ಸ್ವಲ್ಪ ಗಮನವಿಟ್ಟು ಓದಿ, ನಿಮಗೂ ಉಪಯೋಗಕ್ಕೆ ಬಂದೀತು.

ಕೊಟ್ಟೂರಿನಲ್ಲಿ ನನ್ನದೊಂದು ಅಂಗಡಿ ಇದೆ. ಶಟರ್ ಎತ್ತಿದರೆ ಮುಂದೆ ಝೆರಾಕ್ಸ್ ಮಶೀನು. ಪ್ಲೈವುಡ್ ಗೋಡೆಯ ಹಿಂದೆ ಕಿಟಕಿಯಿಲ್ಲದ ಒಂದು ಪುಟ್ಟ ಕೋಣೆ. ನಮ್ಮ ಮನೆಯವರು ಮದುವೆಗಳಿಗೆ ಹೋಗಿ ವಿಡಿಯೊ ತೆಗೆದು ತರುತ್ತಾರೆ. ನಾನು ಆ ಕೋಣೆಯಲ್ಲಿ ಕೂತು ಮಿಕ್ಸಿಂಗ್ ಮಾಡುತ್ತೇನೆ. ಅಂದರೆ ಬೇಡದ್ದನ್ನು ಕತ್ತರಿಸಿ, ಬೇಕಾದ್ದನ್ನು ಜೋಡಿಸಿ, ಹಾಡು ಕೂರಿಸಿ, ಮಾವನವರು ಆಕಳಿಸಿದ್ದನ್ನು ತೆಗೆದುಹಾಕಿ ಮದುವೆಯನ್ನು ಮದುವೆಯಂತೆ ಮಾಡುವ ಕೆಲಸ. ಯಾರೂ ಕೂರಿಸಿ ಹೇಳಿಕೊಟ್ಟದ್ದಲ್ಲ. ಬೇರೆಯವರ ಅಂಗಡಿಯಲ್ಲಿ ಝೆರಾಕ್ಸ್ ಮಾಡಿಕೊಂಡು, ಪಕ್ಕದ ಪರದೆಯನ್ನು ಓರೆಗಣ್ಣಿನಲ್ಲಿ ನೋಡಿ ಕಲಿತದ್ದು. ಅದೇ ಕೋಣೆಯಲ್ಲಿ ಒಂದು ಮೈಕೂ ಇದೆ. ಹಗರಿಬೊಮ್ಮನಹಳ್ಳಿಯ ಸೀರೆ ಅಂಗಡಿಯವರ ರಿಯಾಯಿತಿ ಮಾರಾಟ, ಹರಪನಹಳ್ಳಿಯ ಟ್ಯೂಷನ್ ಕ್ಲಾಸು, ಹೀಗೆ ಪ್ರಚಾರದ ಆಟೋಗಳು ಊರೆಲ್ಲ ಕೂಗಿಕೊಂಡು ತಿರುಗುವ ಮಾತನ್ನು ರೆಕಾರ್ಡ್ ಮಾಡುವುದೂ ಅಲ್ಲೇ.

ಕಂಪ್ಯೂಟರಿನ ಡಬ್ಬಿಯೊಳಗೆ ಎರಡು ಹಳೆಯ ಹಾರ್ಡ್‌ಡಿಸ್ಕುಗಳಿದ್ದವು. ತಿರುಗುವ ಜಾತಿಯವು. ಶುರುವಾದರೆ ಅಜ್ಜಿಯರು ಒಳಗೆ ಕೂತು ಜೋಳ ಬೀಸುತ್ತಿದ್ದಾರೇನೋ ಎನ್ನುವ ಹಾಗೆ ಗರಗರ. ನನಗೆ ಅದು ಕೇಳಿಸುವುದೇ ನಿಂತುಹೋಗಿತ್ತು. ಪ್ರಚಾರದ ಆಟೋದವರಿಗೂ ಅದರಿಂದ ತೊಂದರೆಯಿರಲಿಲ್ಲ. ಅವರ ಸ್ಪೀಕರಿನ ಗದ್ದಲದಲ್ಲಿ ಗುಡುಗೇ ಮುಳುಗುತ್ತದೆ, ಡಿಸ್ಕಿನ ಸದ್ದು ಯಾವ ಲೆಕ್ಕ. ತೊಂದರೆ ಶುರುವಾದದ್ದು ನನ್ನ ನೆಗೆಣ್ಣಿಯಿಂದ.

ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಹೊಸಹಳ್ಳಿಯಲ್ಲಿ ಅಂಗನವಾಡಿ ನೋಡಿಕೊಳ್ಳುತ್ತಾಳೆ. ತವರು ಗುಡೇಕೋಟೆ. ಅವಳ ದನಿ ದಪ್ಪ, ಗಡಸು. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಹಿತ್ತಲಿನಲ್ಲಿ ಮಾತಾಡಿದರೆ ಬಾಗಿಲಲ್ಲಿದ್ದವರು "ಯಾರೋ ಗಂಡಸರು ಬಂದಾರ" ಎಂದು ಎದ್ದು ನಿಂತದ್ದುಂಟು. ನಮ್ಮ ಅತ್ತೆ ಅವಳಿಗೆ ಹೇಳುತ್ತಿದ್ದದ್ದು ಒಂದೇ: "ಸಣ್ಣಗ ಮಾತಾಡವ್ವ, ಸಣ್ಣಗ." ಅವಳು ಮನೆಯಲ್ಲಿ ಸಣ್ಣಗೆ ಮಾತಾಡಿ, ಮಾತಾಡಿ, ಆಮೇಲೆ ಮಾತೇ ಕಡಿಮೆ ಮಾಡಿಬಿಟ್ಟಳು. ಆದರೆ ಅಂಗನವಾಡಿಯಲ್ಲಿ ಅದೇ ದನಿಯಲ್ಲಿ ಕತೆ ಹೇಳಿದರೆ, ಅಳುವ ಮಗು ಅಳು ನಿಲ್ಲಿಸಿ ಬಾಯಿ ತೆರೆದು ಕೂರುತ್ತಿತ್ತು.

ಮಕ್ಕಳಿಗೆ ಮೊಬೈಲಿನಲ್ಲಿ ಕತೆ ಕೇಳಿಸುವ ಒಂದು ಸಂಸ್ಥೆಯವರು ನಮ್ಮ ಕಡೆಯ ಮಾತಿನಲ್ಲಿ ಕತೆ ಹೇಳುವವರನ್ನು ಹುಡುಕುತ್ತಿದ್ದರು. ಇವಳು ಮನೆಯಲ್ಲೇ ಫೋನಿನಲ್ಲಿ ಒಂದು ಕತೆ ಹೇಳಿ ಕಳಿಸಿದಳು. ದನಿ ಬಹಳ ಚೆನ್ನಾಗಿದೆ, ಹಿಂದೆ ಕೋಳಿ ಕೂಗುತ್ತಿದೆ, ಕುಕ್ಕರ್ ಸೀಟಿ ಹೊಡೆಯುತ್ತಿದೆ, ಮೈಕಿನಲ್ಲಿ ಮಾಡಿ ಕಳಿಸಿ ಎಂದು ಉತ್ತರ ಬಂತು. ಆಗ ನಾನು ಎದೆ ತಟ್ಟಿಕೊಂಡು ಹೇಳಿದೆ: "ನನ್ನ ಅಂಗಡಿ ಇಲ್ಲೇನು? ಬಾ, ನನ್ನ ಜವಾಬ್ದಾರಿ." ನನ್ನ ಕೋಣೆಯಲ್ಲಿ ಮಾಡಿ ಕಳಿಸಿದ್ದಕ್ಕೆ ಬಂದ ಉತ್ತರವನ್ನು ಅವಳು ಫೋನ್ ಹಿಡಿದು ನನಗೇ ಓದಲು ಕೊಟ್ಟಳು. ಹಿಂದೆ ಗಿರಣಿ ನಡೆಯುತ್ತಿರುವ ಹಾಗೆ ಕೇಳಿಸುತ್ತದೆ, ಇನ್ನೊಂದು ಅವಕಾಶ ಕೊಡಬಹುದು, ಅಷ್ಟೇ, ಎಂದಿತ್ತು.

"ಅಕ್ಕ, ಈ ಸಲಾನೂ ಬ್ಯಾಡ ಅಂದ್ರ ನಾ ಮತ್ತ ಕಳ್ಸಾದಿಲ್ಲ" ಎಂದಳು.

"ಯಾಕ ಹಂಗಂತಿ?"

"ಮೊದಲನೇ ಸಲ ಯಾರೋ ನನ್ನ ದನಿ ಚೊಲೋ ಐತಿ ಅಂದಾರ. ಅದನ್ನ ಕೆಡಿಸ್ಕೊಳ್ಳಾಕ ನನಗ ಮನಸಿಲ್ಲ."

ಅವಳು ಅದನ್ನೂ ಸಣ್ಣ ದನಿಯಲ್ಲೇ ಹೇಳಿದಳು. ನನಗೆ ಅಲ್ಲಿಯೇ ಡಿಸ್ಕುಗಳ ಮೇಲೆ ಸಿಟ್ಟು ಬಂತು. ಮದುವೆ ಕೆಲಸಕ್ಕೂ ಅವು ಸಾಲುತ್ತಿರಲಿಲ್ಲ ಎನ್ನಿ. ಬಾಗಳಿಯ ಒಂದು ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತನ್ನು ಹುಡುಕಲು ಪರದೆಯಲ್ಲಿ ವಿಡಿಯೊದ ಹೊತ್ತು ತೋರಿಸುವ ಗೆರೆಯನ್ನು ಹಿಂದೆ ಮುಂದೆ ಎಳೆದರೆ, ಪುರೋಹಿತರು ಎತ್ತಿದ ಕೈ ಹಾಗೇ ನಿಂತು, ನಾನು ಮುಂದೆ ಹೋಗಿ ಒಂದು ಝೆರಾಕ್ಸ್ ಕೊಟ್ಟು ಬಂದ ಮೇಲೆ ಕೆಳಗಿಳಿಯುತ್ತಿತ್ತು.

ಹರಪನಹಳ್ಳಿಯಲ್ಲಿ ನನಗೆ ಗೊತ್ತಿರುವ ಒಂದು ಕಂಪ್ಯೂಟರ್ ಅಂಗಡಿ ಇದೆ. ಹೊರಡುವ ಮುಂಚೆ ಡಬ್ಬಿ ತೆರೆದು ಒಳಗಿನ ಬೋರ್ಡಿನ ಫೋಟೋ ಹೊಡೆದುಕೊಂಡೆ. ಇದು ನನ್ನ ಮೊದಲ ಬುದ್ಧಿಮಾತು: ಅಂಗಡಿಯವನು "ನಿಮ್ಮದು ಯಾವ ಬೋರ್ಡು?" ಎಂದಾಗ ಆಕಾಶ ನೋಡಬೇಡಿ, ಫೋನ್ ತೋರಿಸಿ. ಏನೂ ಗೊತ್ತಿಲ್ಲದ ಗಿರಾಕಿಗೆ ಹೇಳುವ ರೇಟೇ ಬೇರೆ. ನನ್ನ ಬೋರ್ಡಿನಲ್ಲಿ ಎಸ್‌ಎಸ್‌ಡಿ ಕೂರುವ ಒಂದೇ ಜಾಗವಿತ್ತು. ಅಲ್ಲಿ ವಿಂಡೋಸ್ ಇದ್ದ ಚಿಕ್ಕ ಎಸ್‌ಎಸ್‌ಡಿ ಆಗಲೇ ಕೂತಿತ್ತು. ಆದರೆ ಕೆಳಗೆ ಒಂದು ಉದ್ದನೆಯ ಸ್ಲಾಟು ಖಾಲಿ ಬಿದ್ದಿತ್ತು. ಅದಕ್ಕೊಂದು ಕಾರ್ಡ್ ಸಿಕ್ಕಿಸಿ, ಕಾರ್ಡಿನ ಮೇಲೆ ಹೊಸ ಎಸ್‌ಎಸ್‌ಡಿ ಕೂರಿಸಬಹುದು. ಹಿತ್ತಲಲ್ಲಿ ಜಾಗವಿದ್ದರೆ ಹೊಸ ಮನೆ ಯಾಕೆ, ಒಂದು ಕೋಣೆ ಎಬ್ಬಿಸಿದರೆ ಸಾಕಲ್ಲ.

ಅಂಗಡಿಯವನು ನಾನು ಮೆಟ್ಟಿಲು ಹತ್ತುವುದನ್ನು ನೋಡಿಯೇ ಕ್ಯಾಲ್ಕುಲೇಟರನ್ನು ಎತ್ತಿ ಒಳಗಿಟ್ಟ.

"ಬರ್ರಿ ಅಕ್ಕಾರೆ. ಇವತ್ತು ಯಾರ ಮೇಲೆ ಸಿಟ್ಟು ಮಾಡ್ಕೊಂಡು ಬಂದೀರಿ?"

"ನಿನ್ನ ಮ್ಯಾಲ ಅಲ್ಲಪ, ನನ್ನ ಕಂಪ್ಯೂಟರ್ ಮ್ಯಾಲ. ಮೊದ್ಲು ನೀರು ಕೊಡು, ಆಮ್ಯಾಲ ರೇಟು ಹೇಳು. ರೇಟು ಕೇಳಿದ ಮ್ಯಾಲ ನೀರು ಇಳಿಯಾದಿಲ್ಲ."

ನಮ್ಮಿಬ್ಬರ ಪರಿಚಯ ಜಗಳದಿಂದಲೇ ಶುರುವಾದದ್ದು. ಬಹಳ ವರ್ಷಗಳ ಹಿಂದೆ ಅವನಲ್ಲಿ ಒಂದು ಟಿಬಿಯ, ಅಂದರೆ ಸಾವಿರ ಜಿಬಿಯ ಡಿಸ್ಕು ಕೊಂಡಿದ್ದೆ. ಮನೆಗೆ ಬಂದು ಹಾಕಿ ನೋಡಿದರೆ ಕಂಪ್ಯೂಟರ್ ಒಂಬೈನೂರ ಮೂವತ್ತೊಂದು ಜಿಬಿ ಎನ್ನುತ್ತಿದೆ! ಅಳತೆಯಲ್ಲಿ ಮೋಸ ಎಂದು ಮಾರನೆಯ ದಿನವೇ ಬಸ್ಸು ಹತ್ತಿದೆ. ಅವನು ನಕ್ಕು ಬಿಡಿಸಿ ಹೇಳಿದ: ಕಂಪನಿಯವರು ಸಾವಿರಕ್ಕೊಂದು ಗಂಟು ಹಾಕಿ ಎಣಿಸುತ್ತಾರೆ, ಕಂಪ್ಯೂಟರು ಸಾವಿರದ ಇಪ್ಪತ್ನಾಲ್ಕಕ್ಕೊಂದು ಗಂಟು ಹಾಕುತ್ತದೆ, ಇರುವ ಜಾಗ ಅಷ್ಟೇ, ಎಣಿಕೆ ಬೇರೆ. ಮಲ್ಲಿಗೆ ಮಾರಿದವಳ ಮಗಳಿಗೆ ಇದು ಅರ್ಥವಾಗದೆ ಇರುತ್ತದೆಯೇ. ಮೊಳ ಒಬ್ಬೊಬ್ಬರ ಕೈಗೆ ಒಂದೊಂದು. ಕಂಪನಿಯದು ಗಿಡ್ಡ ಕೈ, ಕಂಪ್ಯೂಟರಿನದು ಉದ್ದ ಕೈ. "ಹಂಗಾರ ಗಿಡ್ಡ ಕೈಲಿ ಅಳದಿದ್ದಕ್ಕ ಕೊಸರು ಕೊಡು" ಎಂದೆ. ಅವನು ಆವತ್ತು ಒಂದು ಕೇಬಲ್ ಕೊಟ್ಟ. ಅಲ್ಲಿಂದ ಅವನ ಅಂಗಡಿಯಲ್ಲಿ ನನಗೆ ಕೊಸರು ಖಾಯಂ.

ಈ ಸಲ ಅವನು ಮೊದಲು ತೋರಿಸಿದ್ದು ಬಹಳ ಜೋರಿನ, ಹೊಸ ತಲೆಮಾರಿನ ಎಸ್‌ಎಸ್‌ಡಿ. ನಾನು ಕೈಯಲ್ಲೂ ಮುಟ್ಟಲಿಲ್ಲ. ನನ್ನ ಬೋರ್ಡು ಎರಡು ತಲೆಮಾರು ಹಿಂದಿನದು. ಎಷ್ಟು ಓಡುವ ಎಸ್‌ಎಸ್‌ಡಿ ತಂದರೂ ಅದು ಬೋರ್ಡಿನ ವೇಗದಲ್ಲೇ ಓಡಬೇಕು. ಹೊಲದ ದಾರಿಯಲ್ಲಿ ಹೊಸ ಕಾರಾದರೇನು, ಹಳೆಯ ಜೀಪಾದರೇನು, ವೇಗ ಎಷ್ಟೆಂದು ಹೇಳುವುದು ದಾರಿ. ಹಾಗಾಗಿ ಬೋರ್ಡಿಗೆ ತಕ್ಕ ಹಳೆಯ ತಲೆಮಾರಿನದನ್ನೇ ಕೇಳಿದೆ, ಉಳಿದ ದುಡ್ಡಿನಲ್ಲಿ ಜಾಗ ಎರಡರಷ್ಟು ಸಿಕ್ಕಿತು. ಇನ್ನೊಂದು ಮಾತು. ಚೂಯಿಂಗ್ ಗಮ್ ಪಟ್ಟಿಯಂತೆ ಕಾಣುವವೆಲ್ಲ ಒಂದೇ ಜಾತಿ ಎಂದುಕೊಳ್ಳಬೇಡಿ. ತುದಿಯ ಬಂಗಾರದ ಹಲ್ಲುಗಳ ನಡುವೆ ಕಚ್ಚು ಒಂದಿದೆಯೋ ಎರಡಿವೆಯೋ ನೋಡಿ. ಸಾಮಾನ್ಯವಾಗಿ ಒಂದು ಕಚ್ಚಿನದು ವೇಗದ್ದು, ಎರಡು ಕಚ್ಚಿನದು ನಿಧಾನದ್ದು. ಕಾರ್ಡು ವೇಗದ ಜಾತಿಯದಾದರೆ ನಿಧಾನದ್ದು ಅದರಲ್ಲಿ ಕೂತರೂ ಕೆಲಸ ಮಾಡುವುದಿಲ್ಲ.

ಎಸ್‌ಎಸ್‌ಡಿಯ ಚೌಕಾಸಿ ಮುಗಿಯಿತು. ಉಳಿದದ್ದು ಕಾರ್ಡು. ಅವನು ಎರಡು ತೆಗೆದಿಟ್ಟ. ಒಂದು ಸಾದಾ, ಮೇಲೆ ಒಂದು ದಪ್ಪ ಅಲ್ಯೂಮಿನಿಯಂ ಪಟ್ಟಿ. ಇನ್ನೊಂದು ಕಪ್ಪಗೆ ಮಿರಮಿರ ಮಿಂಚುವಂಥದ್ದು. ಅದಕ್ಕೂ ಅದೇ ಪಟ್ಟಿ, ಜೊತೆಗೆ ಅಂಗೈಯಲ್ಲಿ ಮುಚ್ಚಿಕೊಳ್ಳುವಂಥ ಪುಟ್ಟ ಫ್ಯಾನು, ಸುತ್ತ ನೀಲಿ ದೀಪ. ನನ್ನ ಕಣ್ಣು ಫ್ಯಾನಿನ ಮೇಲೆ ಕೂತಿತು.

"ಸಾದಾದರ ರೇಟಿಗೆ ಈ ಫ್ಯಾನಿಂದ ಕೊಡು. ಫ್ಯಾನು ಕೊಸರು ಅಂತ ತಿಳ್ಕೋ."

"ಅಕ್ಕಾರೆ, ನಿಮಗೆ ಸದ್ದು ಬೇಡ ಅಂದ್ರಲ್ಲ? ಸಾದಾದೇ ತಗೊಳ್ರಿ. ಪಟ್ಟಿನೇ ಬಿಸಿ ಹೀರ್ಕಂತೈತೆ, ಸಾಕು."

"ಹೀರ್ಕೊಂಡು ಎಲ್ಲಿ ಇಟ್ಕಂತೈತಿ? ಗಾಳಿ ಬ್ಯಾಡೇನು?"

"ಕೊಸರು ಅಂದ್ರೆ ಒಂದು ಮೌಸ್ ಪ್ಯಾಡು, ಒಂದು ಕೇಬಲ್ಲು. ನೀವು ಫ್ಯಾನನ್ನೇ ಕೇಳ್ತೀರಲ್ರಿ!"

"ನಮ್ಮವ್ವ ಗೇಣು ಹೂವು ಬಿಡ್ತಿದ್ಲು. ಇದು ಗೇಣು ಸುದ್ದಾ ಇಲ್ಲ, ಅರ್ಧ ಗೇಣು. ಕೊಡಪ, ನಿನ್ನ ಅಂಗಡಿ ಗಾಳಿ ಏನ್ ಕಮ್ಮಿ ಆಗಾದಿಲ್ಲ."

ಅವನು ನನ್ನನ್ನು ನೋಡಿದ, ಫ್ಯಾನನ್ನು ನೋಡಿದ, ಕಟ್ಟಿಕೊಟ್ಟ. ನಾನು ಗೆದ್ದ ಖುಷಿಯಲ್ಲಿ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸಿಗೂ ಫ್ಯಾನು ಬಿಚ್ಚಿ ತೋರಿಸಿದೆ. ಅವಳು ಮಗುವಿಗೆ ಆಡಲು ಚೆನ್ನಾಗಿದೆ ಎಂದಳು.

ಕೂರಿಸುವುದು ಅಂಥ ದೊಡ್ಡ ಕೆಲಸವೇನಲ್ಲ. ಕರೆಂಟು ತೆಗೆದು, ಡಬ್ಬಿಯ ಲೋಹವನ್ನೊಮ್ಮೆ ಮುಟ್ಟಿ ಮೈಯ ಜುಮ್ಮನ್ನು, ಅಂದರೆ ಸ್ಥಿರ ವಿದ್ಯುತ್ತನ್ನು, ಇಳಿಸಿಕೊಂಡು, ಕಾರ್ಡನ್ನು ನೆಟ್ಟಗೆ ಒತ್ತಿದರೆ "ಟಕ್" ಎನ್ನುತ್ತದೆ. ಒಳಗಿನ ಧೂಳಿನಲ್ಲಿ ಯಾವುದೋ ಮದುವೆಯ ಅಕ್ಷತೆಯ ಕಾಳುಗಳು ಸಿಕ್ಕವು, ಕ್ಯಾಮೆರಾ ಚೀಲದಿಂದ ಉದುರಿದ್ದಿರಬೇಕು. ಹೊಸದನ್ನು ಕಂಪ್ಯೂಟರಿಗೆ ಪರಿಚಯ ಮಾಡಿಸಿ, ಅಂದರೆ ಫಾರ್ಮ್ಯಾಟ್ ಮಾಡಿ, ಹಳೆಯ ಡಿಸ್ಕುಗಳಲ್ಲಿದ್ದ ಮದುವೆಗಳನ್ನೆಲ್ಲ ಅದಕ್ಕೆ ಸಾಗಿಸಿದೆ. ಆಮೇಲೆ ಆ ಎರಡೂ ಅಜ್ಜಿಯರನ್ನು ಬಿಚ್ಚಿ ಹೊರಗಿನ ಡಬ್ಬಿಗೆ ಹಾಕಿ ಕಪಾಟಿನಲ್ಲಿಟ್ಟೆ. ಎಸೆಯಬೇಡಿ ಮತ್ತೆ. ಒಂದು ಪ್ರತಿ ಅವುಗಳಲ್ಲಿ ಇರಲಿ. ಮದುವೆ ಇನ್ನೊಮ್ಮೆ ಆಗುವುದಿಲ್ಲ.

ಬಟನ್ ಒತ್ತಿದೆ. ಸದ್ದೇ ಇಲ್ಲ. ಕರೆಂಟು ಬಂದಿಲ್ಲವೇನೋ ಎಂದು ಬಗ್ಗಿ ನೋಡಿದರೆ ದೀಪ ಉರಿಯುತ್ತಿದೆ. ಬಾಗಳಿಯ ಮದುವೆ ತೆರೆದು ಗೆರೆ ಎಳೆದೆ. ಪುರೋಹಿತರ ಕೈ ಎತ್ತಿದ ಹಾಗೇ ಇಳಿಯಿತು. ಹಿಂದಕ್ಕೆ ಎಳೆದೆ, ಮುಂದಕ್ಕೆ ಎಳೆದೆ, ನನ್ನ ಬೆರಳಿನ ಜೊತೆಗೇ ತಾಳಿ ಕಟ್ಟಿಯೂ ಆಯಿತು, ಬಿಚ್ಚಿಯೂ ಆಯಿತು. ನಮ್ಮ ಮನೆಯವರು ಹಿಂದೆ ನಿಂತು "ಸಾಕು ಬಿಡು, ಆ ಹುಡುಗನಿಗೆ ತಲಿ ತಿರುಗೀತು" ಎಂದರು.

ಭಾನುವಾರ ನೆಗೆಣ್ಣಿ ಹೊಸಹಳ್ಳಿಯಿಂದ ಹೊರಟು ಕೂಡ್ಲಿಗಿಯಲ್ಲಿ ಬಸ್ಸು ಬದಲಿಸಿ ಬಂದಳು. ಮಧ್ಯಾಹ್ನ ಊಟದ ಮೇಲೆ ಕೊಟ್ಟೂರಿನ ಬೀದಿಯಲ್ಲಿ ನಾಯಿಯೂ ಓಡಾಡುವುದಿಲ್ಲ. ಅದೇ ಹೊತ್ತನ್ನು ಆರಿಸಿಕೊಂಡೆವು. ಶಟರ್ ಅರ್ಧ ಇಳಿಸಿ, ಸದ್ದು ಹೀರಲೆಂದು ಪ್ಲೈವುಡ್ ಗೋಡೆಗೆ ನಮ್ಮವ್ವ ಹಳೆಯ ಸೀರೆಗಳಿಂದ ಹೊಲಿದ ಎರಡು ಕೌದಿಗಳನ್ನು ತೂಗುಹಾಕಿ, ಸೀಲಿಂಗ್ ಫ್ಯಾನು ನಿಲ್ಲಿಸಿದೆವು. ಕೌದಿಯ ನಡುವೆ ಕೂತ ಅವಳ ಹಣೆಯಲ್ಲಿ ಆಗಲೇ ಬೆವರು. ಹೇಳಲಿದ್ದ ಕತೆ ಅವಳೇ ಕಟ್ಟಿದ್ದು: ಗುಡೇಕೋಟೆ ಗುಡ್ಡದ ಒಂದು ಕರಡಿ ಸಂತೆಯಲ್ಲಿ ಜೇನುತುಪ್ಪ ಮಾರಲು ಬರುತ್ತದೆ. ಕರಡಿಯ ಮಾತು ಬಂದಾಗ ಅವಳು ತನ್ನ ಪೂರ್ತಿ ದನಿ ಬಿಟ್ಟಳು ನೋಡಿ, ಮೇಜಿನ ಮೇಲಿನ ಸ್ಟೀಲ್ ಲೋಟ ಸಣ್ಣಗೆ ಝುಂ ಎಂದಿತು.

ಮುಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ಮುಖ ಸಣ್ಣದಾಯಿತು.

"ಅಕ್ಕ, ಸೊಳ್ಳಿ."

"ಎಲ್ಲಿ?"

"ಇದರಾಗ. ಕತಿ ಉದ್ದಕ್ಕೂ ಕಿವ್ಯಾಗ ಸೊಂಯ್ ಅಂತೈತಿ."

ನಾನೂ ಕೇಳಿದೆ. ನಿಜ, ಕರಡಿ ಸುಮ್ಮನಾದಾಗೆಲ್ಲ ಒಂದು ಸೊಳ್ಳೆ ಹಾಡುತ್ತಿದೆ. ಸೊಳ್ಳೆ ಬ್ಯಾಟು ತಂದೆ. ಇಬ್ಬರೂ ಕೌದಿಗಳನ್ನು ಝಾಡಿಸಿ, ಮೇಜಿನ ಕೆಳಗೆ, ಮೂಲೆಮೂಲೆಗೆ, ಎಲ್ಲ ಕಡೆ ಬೀಸಿದೆವು. ಒಂದು ಚಟ್ ಎಂದು ಸತ್ತಿತು. ಗೆದ್ದೆವು ಎಂದುಕೊಂಡು ಇನ್ನೊಮ್ಮೆ ರೆಕಾರ್ಡ್ ಮಾಡಿದರೆ ಮತ್ತೆ ಸೊಳ್ಳೆ. ಬತ್ತಿ ಹಚ್ಚಿದೆ, ಹೊಗೆಗೆ ಅವಳು ಕೆಮ್ಮಿದಳು. ಅಷ್ಟರಲ್ಲಿ ನಮ್ಮ ಮನೆಯವರು ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಶಟರಿನ ಕೆಳಗೆ ಬಗ್ಗಿದರು.

"ಹೊರಗ ಇರ್ರಿ! ಸೊಳ್ಳಿ ಹುಡುಕಾಕ ಹತ್ತೀವಿ."

"ಸಿಕ್ಕರ ಅದಕ್ಕೂ ಒಂದು ಮಿರ್ಚಿ ಇಡ್ರಿ" ಎಂದು ಪೊಟ್ಟಣ ಒಳಗೆ ತಳ್ಳಿ ಹೋದರು.

ಟ್ಯೂಬ್‌ಲೈಟಿನ ಸದ್ದಿರಬಹುದೆಂದು ಅದನ್ನೂ ಆರಿಸಿದೆವು. ಕತ್ತಲೆ ಕೋಣೆಯಲ್ಲಿ ಪರದೆಯ ಬೆಳಕು, ನಮ್ಮಿಬ್ಬರ ಬೆವರು, ಮಿರ್ಚಿಯ ವಾಸನೆ. ನೆಗೆಣ್ಣಿ ಕಣ್ಣು ಮುಚ್ಚಿ ಕೂತು ಕೇಳಿದಳು.

"ಅಕ್ಕ, ಸೊಳ್ಳಿ ಆದ್ರ ಹತ್ರ ಬಂದಾಗ ಜೋರ, ದೂರ ಹೋದಾಗ ಸಣ್ಣಗ ಆಗಬೇಕು. ಇದು ಒಂದ ಕಡಿ ಕುಂತು ಒಂದ ರಾಗ ಹಾಡಾಕ ಹತ್ತೈತಿ."

ಹೇಳುತ್ತಾ ಮಂಡಿಯೂರಿ, ಕಿವಿಯನ್ನು ಮುಂದೆ ಮಾಡಿಕೊಂಡು, ಕಂಪ್ಯೂಟರಿನ ಡಬ್ಬಿಯ ಪಕ್ಕಕ್ಕೆ ಹೋದಳು. ಜಾಲರಿಯ ಸಂದಿಯಲ್ಲಿ ನೋಡಿದಳು.

"ಸಿಕ್ತು. ನೀಲಿ ದೀಪ ಹಚ್ಕೊಂಡು ಕುಂತೈತಿ ನಿನ್ನ ಸೊಳ್ಳಿ."

ನನ್ನ ಕೊಸರು! ಬೀದಿಯ ಸದ್ದು, ಸೀಲಿಂಗ್ ಫ್ಯಾನಿನ ಸದ್ದು ಇದ್ದಾಗ ಅದು ಮರೆಯಲ್ಲಿತ್ತು. ನಾವು ಎಲ್ಲವನ್ನೂ ನಿಲ್ಲಿಸಿದ ಮೇಲೆ, ಅದರ ಪಾಲಿಗೆ ಸಭೆ ಖಾಲಿಯಾಗಿ ಮೈಕು ಸಿಕ್ಕಂತಾಗಿತ್ತು. ದೊಡ್ಡ ಫ್ಯಾನು ನಿಧಾನಕ್ಕೆ ತಿರುಗಿದರೂ ಗಾಳಿ ಕೊಡುತ್ತದೆ. ಪುಟ್ಟದಕ್ಕೆ ಅಷ್ಟೇ ಗಾಳಿ ಬೇಕೆಂದರೆ ಉಸಿರುಗಟ್ಟಿ ಓಡಬೇಕು, ಓಡಿದರೆ ಕಿರುಚುತ್ತದೆ. ಇದನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಅವತ್ತು ನೆನಪಿಟ್ಟುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

"ಅದನ್ನ ತೆಗೆಯಾಕ ಬರಾದಿಲ್ಲ" ಎಂದೆ.

"ಯಾಕ?"

"ಕೊಸರಿಗೆ ಬಂದಿದ್ದು."

"ಕೊಸರಿಗೆ ಬಂದಿದ್ದನ್ನ ತೆಗದ್ರ ಏನು ಹೋಕ್ಕೈತಿ?"

"ಎಸ್‌ಎಸ್‌ಡಿ ಬಿಸಿ ಆಗಿ ಸುಟ್ಟು ಹೋದ್ರ? ಮ್ಯಾಲ ಒಂದು ಕೌದಿ ಹೊಚ್ಚೋಣ ತಡಿ."

"ಬಿಸಿ ಆಗ್ತೈತಿ ಅಂತಿ, ಮತ್ತ ಕೌದಿ ಹೊಚ್ಚತೀನಿ ಅಂತಿ!"

ಅವಳು ನೆಲದ ಮೇಲೆಯೇ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಈ ಸಲ ಸಣ್ಣಗಲ್ಲ, ತನ್ನ ಪೂರ್ತಿ ದನಿಯಲ್ಲಿ ಕೇಳಿದಳು:

"ಅಕ್ಕ, ನಿನಗ ಫ್ಯಾನು ಬೇಕೋ, ನನ್ನ ಕರಡಿ ಬೇಕೋ?"

ಹರಪನಹಳ್ಳಿಗೆ ಫೋನ್ ಹಚ್ಚಿದೆ. ಅಂಗಡಿಯವನು ಭಾನುವಾರದ ನಿದ್ದೆಯಲ್ಲಿದ್ದ.

"ಏನಪ, ಎಂಥ ಫ್ಯಾನು ಕೊಟ್ಟಿ ನೀನು? ಸೊಳ್ಳಿ ಹಂಗ ಒದರತೈತಿ."

"ನಾನೆಲ್ಲಿ ಕೊಟ್ಟೆ ಅಕ್ಕಾರೆ? ನೀವು ಕಿತ್ಕೊಂಡು ಹೋದ್ರಿ."

ಫೋನಿನ ಸ್ಪೀಕರು ಹಾಕಿದ್ದೆ. ನೆಗೆಣ್ಣಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಹೋಗ್ಲಿ, ಈಗ ಅದನ್ನ ತೆಗದ್ರ ಸುಡತೈತೇನು?"

"ಇಲ್ರಿ. ಅವತ್ತೇ ಹೇಳ್ದೆ, ಪಟ್ಟಿನೇ ಸಾಕು ಅಂತ. ಡಬ್ಬಿದು ದೊಡ್ಡ ಫ್ಯಾನು ನಿಧಾನಕ್ಕೆ ತಿರುಗ್ತಿದ್ರೆ ಆತು. ಫ್ಯಾನಿನ ವೈರ್ ಕಿತ್ತು ಇಡ್ರಿ. ಆಮೇಲೆ ಅಕ್ಕಾರೆ..."

"ಏನು?"

"ಕೊಸರು ವಾಪಸ್ ತಗೊಳ್ಳಲ್ಲ ನಾನು."

ಕಂಪ್ಯೂಟರ್ ಆರಿಸಿ, ಕನ್ನಡಕ ರಿಪೇರಿಯ ಸಣ್ಣ ಸ್ಕ್ರೂಡ್ರೈವರಿನಲ್ಲಿ ಫ್ಯಾನನ್ನೇ ಬಿಚ್ಚಿ ತೆಗೆದೆ. ಮೊದಲು ಬಾಗಳಿಯ ಮದುವೆಯನ್ನು ಪೂರ್ತಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿ, ಬಿಸಿ ತೋರಿಸುವ ಸಾಫ್ಟ್‌ವೇರಿನ ಮುಂದೆ ಕೂತೆ. ಅಂಕಿ ಸ್ವಲ್ಪ ಏರಿತು, ಹಸಿರಿನಲ್ಲೇ ನಿಂತಿತು. ನೀವೂ ಏನನ್ನಾದರೂ ಬಿಚ್ಚಿದರೆ ಬಾಯಿಮಾತು ನಂಬಿ ಬಿಡಬೇಡಿ, ಹೀಗೆ ದುಡಿಸಿ ನೋಡಿ.

ಈಗ ಕೋಣೆ ನಿಜವಾಗಿಯೂ ನಿಶ್ಶಬ್ದ. ಸಂಸ್ಥೆಯವರ ಒಂದು ನಿಯಮವಿತ್ತು: ಕತೆಗೆ ಮುಂಚೆ ಅರ್ಧ ನಿಮಿಷ ಯಾರೂ ಏನೂ ಮಾತಾಡದೆ ಬರೀ ಕೋಣೆಯನ್ನು ರೆಕಾರ್ಡ್ ಮಾಡಿ ಕಳಿಸಬೇಕು. ಮೌನಕ್ಕೂ ಮಾತಿನಷ್ಟೇ ಜಾಗ ಬೇಕು ಎನ್ನುವುದು ನನಗೆ ಗೊತ್ತಾದದ್ದು ಅವತ್ತು. ಡಿಸ್ಕಿನಲ್ಲಿ ಎರಡೂ ಒಂದೇ ತೂಕ. ರೆಕಾರ್ಡ್ ಒತ್ತಿದೆ. ಇಬ್ಬರೂ ಉಸಿರು ಬಿಗಿಹಿಡಿದೆವು. ಪರದೆಯ ಮೇಲೆ ಸದ್ದಿನ ಗೆರೆ ಕೆರೆಯ ನೀರಿನಂತೆ ಮಲಗಿತ್ತು. ಎಷ್ಟು ಚೆನ್ನಾಗಿ ಮಲಗಿದೆ ನೋಡು ಎಂದು ಹೇಳಬೇಕೆನಿಸಿತು. ತಡೆದುಕೊಂಡೆ. ಇನ್ನೂ ತಡೆದುಕೊಂಡೆ.

"ಆತೇನು?" ಎಂದುಬಿಟ್ಟೆ.

ಗೆರೆ ಗುಡ್ಡದಂತೆ ಎದ್ದಿತು. ಮತ್ತೆ ಮೊದಲಿನಿಂದ. ಮೌನ ಮುಗಿಯಿತು, ಕತೆ ಶುರುವಾಯಿತು, ಕರಡಿ ಸಂತೆಗೆ ಬಂತು. "ಇನ್ನೂ ದಪ್ಪ ಮಾಡು ದನಿ" ಎಂದೆ ನಾನು, ಅವಳ ಒಳ್ಳೆಯದಕ್ಕೇ. ಅವಳು ಹೆಡ್‌ಫೋನ್ ತೆಗೆದಿಟ್ಟಳು.

"ಅಕ್ಕ, ಸೊಳ್ಳಿ ಹೋತು, ಅಜ್ಜೇರು ಹೋದ್ರು. ಇನ್ನ ಒಂದ ಸದ್ದು ಉಳದೈತಿ ಈ ಕೋಣ್ಯಾಗ."

"ಯಾವುದು?"

ಅವಳು ಬಾಗಿಲು ತೋರಿಸಿದಳು. ಯಾವ ಬಟನ್ ಒತ್ತಬೇಕೆಂದು ಹೇಳಿಕೊಟ್ಟು ಹೊರಗೆ ಬಂದೆ.

ಶಟರಿನ ಕೆಳಗೆ ಮೆಟ್ಟಿಲ ಮೇಲೆ ಕೂತೆ, ಒಂದು ಕೈಯಲ್ಲಿ ಮಿರ್ಚಿ, ಇನ್ನೊಂದರಲ್ಲಿ ಫ್ಯಾನು. ಆಧಾರ್ ಕಾರ್ಡಿನ ಝೆರಾಕ್ಸಿಗೆಂದು ಒಬ್ಬ ಅಜ್ಜಿ ಬಂದಳು. ತುಟಿಯ ಮೇಲೆ ಬೆರಳಿಟ್ಟು ಪಕ್ಕದಲ್ಲಿ ಕೂರಿಸಿಕೊಂಡೆ. ಪ್ಲೈವುಡ್ ದಾಟಿ ಕರಡಿಯ ದನಿ ಮಂದವಾಗಿ ಬರುತ್ತಿತ್ತು. ಕರಡಿ "ಜೇನುತುಪ್ಪ" ಎಂದು ಕೂಗಿದರೆ ಸಂತೆಯವರೆಲ್ಲ ಓಡಿಹೋಗುತ್ತಾರೆ. ಸಣ್ಣಗೆ ಕೂಗಿದರೆ ಯಾರಿಗೂ ಕೇಳುವುದೇ ಇಲ್ಲ. ಕರಡಿ ಅಳುತ್ತಾ ಕೂರುತ್ತದೆ. ಇಲ್ಲಿಯವರೆಗಿನ ಕತೆ ನನಗೆ ಗೊತ್ತಿತ್ತು. ಮುಂದಿನದಕ್ಕೆ, ಮೊದಲು ಪರದೆಯ ಗೆರೆ ನೋಡುತ್ತಾ, ಆಮೇಲೆ ಸೊಳ್ಳೆಯ ಗಲಾಟೆಯಲ್ಲಿ, ನಾನು ಕಿವಿ ಕೊಟ್ಟಿರಲಿಲ್ಲ.

ಅಜ್ಜಿ ನನ್ನ ಮೊಣಕೈ ತಿವಿದು ಪಿಸುಗುಟ್ಟಿದಳು: "ಆಮ್ಯಾಲ ಏನಾತು?"

ಆಮೇಲೆ ಸಂತೆಯ ಮೂಲೆಯಲ್ಲಿ ಹೂವು ಮಾರುವ ಒಬ್ಬ ಮುದುಕಿ ಬರುತ್ತಾಳೆ. ಅವಳು ಓಡುವುದಿಲ್ಲ. "ಕೂಗು, ನಿನ್ನ ದನಿ ಇರೂದ ಹಂಗ. ಬಂದವರಿಗೆ ಅಳತಿ ಮ್ಯಾಲ ಒಂದು ಚಮಚ ಕೊಸರು ಹಾಕು. ಕೊಸರು ತಿಂದವರು ದನಿಗೆ ಹೆದರಾದಿಲ್ಲ" ಎನ್ನುತ್ತಾಳೆ. ಮುದುಕಿಯ ಮಾತನ್ನು ನೆಗೆಣ್ಣಿ ಹೇಳಿದ ರೀತಿ, ಪ್ರತಿ ಮಾತಿನ ಕೊನೆಯಲ್ಲಿ ಒಂದು ಉಸಿರಿನ ಎಳೆತ, ಅದು ನಮ್ಮವ್ವನದೇ. ಮದುವೆಯಾಗಿ ಬಂದ ಮೊದಲ ವರ್ಷ, ನಮ್ಮವ್ವ ನಮ್ಮ ಮನೆಗೆ ಬಂದಾಗಲೆಲ್ಲ, ಅವಳು ನಮ್ಮವ್ವನ ಜೊತೆ ಹಿತ್ತಲಲ್ಲಿ ಕೂತು ಹೂವು ಕಟ್ಟಿದ್ದು ನನಗೆ ಮರೆತೇ ಹೋಗಿತ್ತು. ನೆಗೆಣ್ಣಿಗೆ "ಸಣ್ಣಗ ಮಾತಾಡು" ಎನ್ನದವಳು ನಮ್ಮವ್ವ ಒಬ್ಬಳೇ ಇದ್ದಿರಬೇಕು. ನಾನು ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಿರುಗಿಸುತ್ತಾ ಕೂತೆ. ಕೈಯಲ್ಲಿ ತಿರುಗಿಸಿದರೆ ಅದಕ್ಕೂ ಸದ್ದಿಲ್ಲ.

ಕಳಿಸಿ ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ನೆಗೆಣ್ಣಿ ಬಸ್ಸಿಳಿದು ನೇರ ಅಂಗಡಿಗೆ ಬಂದಳು. ಫೋನಿನಲ್ಲೇ ಹೇಳಬಹುದಾದ ವಿಷಯ, ಹೇಳಿರಲಿಲ್ಲ. ಬೀದಿಯ ಆ ತುದಿಯಿಂದಲೇ "ಅಕ್ಕಾ!" ಎಂದಳು. ಎದುರಿನ ಕಿರಾಣಿ ಅಂಗಡಿಯವನು ತಕ್ಕಡಿ ಬಿಟ್ಟು ಹೊರಗೆ ಬಂದು ನೋಡಿದ. ಅವರು ಅವಳನ್ನು ತೆಗೆದುಕೊಂಡಿದ್ದರು. ಇನ್ನೂ ಕತೆಗಳು ಬೇಕು, ಇದೇ ಕೋಣೆಯಲ್ಲಿ ಮಾಡಿ, ಅಲ್ಲಿ ಏನನ್ನೂ ಬದಲಿಸಬೇಡಿ ಎಂದು ಬರೆದಿದ್ದರು.

ಚಹಾ ತರಿಸಿದೆ. ವ್ಯಾಪಾರದ ಮಾತು ವ್ಯಾಪಾರದ ಹಾಗೇ ಆಗಬೇಕು, ನೆಂಟಸ್ತಿಕೆ ಬೇರೆ.

"ಕೋಣಿ ಬಾಡಿಗಿ ಎಷ್ಟು ಕೊಡ್ತಿ?" ಎಂದೆ.

"ನೀ ಹೇಳಿದಷ್ಟು."

ಇಂಥ ಗಿರಾಕಿಯನ್ನು ನಾನು ಕಂಡೇ ಇರಲಿಲ್ಲ. ಅನುಮಾನ ಬಂತು. ಆದರೂ ಒಂದು ರೇಟು ಹೇಳಿದೆ. ಅವಳು ತಲೆಯಾಡಿಸಿದಳು. ಚಹಾ ಮುಗಿಸಿ, ಲೋಟ ಕೆಳಗಿಟ್ಟು, ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು:

"ಕೊಸರು?"

"ಏನ್ ಬೇಕು ಕೇಳು" ಎಂದೆ, ಸೋತು.

"ನಾ ಒಳಗ ಕುಂತಾಗ ನೀ ಹೊರಗ ಮೆಟ್ಲ ಮ್ಯಾಲ ಕುಂದ್ರಬೇಕು. ಬಾಯಾಗ ಮಿರ್ಚಿ ಇರಬೇಕು."

ಒಪ್ಪಿಕೊಂಡಿದ್ದೇನೆ. ಈಗ ಭಾನುವಾರದ ಮಧ್ಯಾಹ್ನ ನೀವು ಯಾರಾದರೂ ಅಂಗಡಿಯ ಕಡೆ ಬಂದರೆ ನನ್ನನ್ನು ಮೆಟ್ಟಿಲ ಮೇಲೆ ಕಾಣುತ್ತೀರಿ. ಎಸ್‌ಎಸ್‌ಡಿ ಯಾವುದು ಕೊಳ್ಳಬೇಕೆಂದು ಕೇಳುವುದಿದ್ದರೆ ಕತೆ ಮುಗಿಯುವವರೆಗೆ ಪಕ್ಕದಲ್ಲಿ ಕೂತಿರಿ. ಆಮೇಲೆ ಎಷ್ಟು ಬೇಕಾದರೂ ಹೇಳುತ್ತೇನೆ.